ಹಸ್ತ ಮಳೆಗೆ ಬಂದ ಗುಲಾಬಿ

ಹಡಗಲಿಯಲ್ಲಿದ್ದುಕೊಂಡು ಗುಲಾಬಿ ಹಚ್ಚುತ್ತೇನೆ ಎಂದರೆ ಯಾರು ತಾನೆ ನಗುವುದಿಲ್ಲ? ನಮ್ಮೂರು ಮಲ್ಲಿಗೆಯದು, ನಮ್ಮ ಹಿತ್ತಲಂತೂ ಪೂರ್ತಿ ನಮ್ಮತ್ತೆಯ ಮಲ್ಲಿಗೆಯದು. ನೀರಿನ ತೊಟ್ಟಿಯ ಪಕ್ಕದ ಒಂದು ತುಂಡು ನೆಲವನ್ನು ಮಾತ್ರ ಹಠ ಮಾಡಿ ನನಗೆಂದು ಇಟ್ಟುಕೊಂಡಿದ್ದೆ. ಅಲ್ಲಿ ಎರಡು ಸಲ ಗುಲಾಬಿ ಹಚ್ಚಿದೆ, ಎರಡು ಸಲವೂ ಒಣಗಿದವು.

ಮೊದಲನೆಯ ಸಲ ಯುಗಾದಿಯ ಹೊತ್ತಿಗೆ ಟೆಂಪೋದಲ್ಲಿ ಹೂ ಬಿಟ್ಟ ಗಿಡ ಮಾರುವವನು ಬಂದಿದ್ದ. ಕೆಂಪಗೆ ನಗುತ್ತಿದ್ದವು, ಸೋತುಬಿಟ್ಟೆ. ನಮ್ಮ ಬಿಸಿಲು ಬಿಡುತ್ತದೆಯೇ? ಹಬ್ಬದ ಹೋಳಿಗೆ ಅರಗುವುದರೊಳಗೆ ಕಡ್ಡಿಯಾದವು. ಎರಡನೆಯ ಸಲ ಅತ್ತೆ ಮಲ್ಲಿಗೆ ಹಚ್ಚುವಂತೆ ಮುಂಗಾರಿನ ಮೊದಲ ಮಳೆಗೇ ತರಿಸಿದೆ. ಮಳೆ ಮುಖ ತೋರಿಸಿ ಹೋಯಿತು, ಹಿಂದೆಯೇ ಬಂದ ಆಷಾಢದ ಗಾಳಿ ಒಂದು ಎಲೆಯನ್ನೂ ಉಳಿಸಲಿಲ್ಲ.

“ನೋಡವಾ, ಇನ್ನೊಂದು ಸಲ ಒಣಗಿದ್ವು ಅಂದ್ರ ಆ ಜಾಗಕ್ಕ ಮಲ್ಲಿಗಿ ಹಚ್ಚಿಬಿಡ್ತೀನಿ,” ಎಂದರು ಅತ್ತೆ. ಮಾತು ಮೆತ್ತಗೇ ಇತ್ತು, ಆದರೆ ನನಗೆ ಮೈಯೆಲ್ಲ ಉರಿಯಿತು. ಅಷ್ಟು ದೊಡ್ಡ ಹಿತ್ತಲಿನಲ್ಲಿ ನನ್ನದು ಅನ್ನುವುದು ಅದೊಂದೇ ತುಂಡು. ಬಿಟ್ಟುಕೊಡುವ ಮಾತೇ ಇರಲಿಲ್ಲ.

ಮರುವರ್ಷ ನಾನು ಗಿಡ ನೋಡುವುದನ್ನು ಬಿಟ್ಟು ಮೋಡ ನೋಡಿದೆ. ನಮ್ಮ ಕಡೆ ನೆಲ ಒಳಗಿನ ತನಕ ತಣಿಯುವುದು ಮುಂಗಾರಿಗಲ್ಲ, ದಸರೆಯ ಹಿಂದುಮುಂದಿನ ಹಸ್ತ ಮಳೆಗೆ. ಆಗ ಗಾಳಿ ಅಡಗಿರುತ್ತದೆ, ಬಿಸಿಲಿನ ಸೊಕ್ಕು ಇಳಿದಿರುತ್ತದೆ, ಮುಂದೆ ತಂಪಾದ ಚಳಿಗಾಲ. ಗುಲಾಬಿಗೆ ಇನ್ನೇನು ಬೇಕು? ಇಷ್ಟು ಹೊಳೆದದ್ದೇ ತಡ, ನರ್ಸರಿಗೆ ಫೋನು ಹಚ್ಚಿದೆ.

“ಈಗ ಆಫರ್ ಇದೆ ಮೇಡಂ, ನಾಳೆನೇ ಕಳಿಸ್ತೀವಿ,” ಎಂದ ಆ ಕಡೆಯವನು.

“ನಾಳೆ ಬ್ಯಾಡ್ರಿ. ಹಸ್ತ ಮಳಿಗೆ ಕಳಸ್ರಿ.”

“ಅದು ಯಾವ ತಿಂಗಳು ಮೇಡಂ?”

“ಮಳಿ ಬಂದ ಮ್ಯಾಲೆ ನಾನಾ ಹೇಳ್ತೀನಿ. ಅಲ್ಲೀತನ ಒಂದು ಕಡ್ಡೀನೂ ಕಳಸಬ್ಯಾಡ್ರಿ!”

ಅಡುಗೆಮನೆಯಿಂದ ಅತ್ತೆಯ ನಗು ಕೇಳಿಸಿತು. “ಅಯ್ಯ ಶಿವನ, ಮುಂಗಾರು ಬಿಟ್ಟು ಹಿಂಗಾರಿಗೆ ಹೂವಿನ ಗಿಡ ಹಚ್ಚಾಕಿನ್ನ ಇವತ್ತ ನೋಡಿದೆ!”

ನಗಲಿ ಎಂದುಕೊಂಡೆ. ಶ್ರಾವಣದಲ್ಲೇ ಗುಂಡಿ ತೋಡಿ ಕೊಟ್ಟಿಗೆ ಗೊಬ್ಬರ ತುಂಬಿದೆ. ಹಸ್ತ ಮಳೆ ಬಿಟ್ಟೂಬಿಡದೆ ಹೊಡೆದು ನಿಂತ ಮೇಲೆ ಫೋನು ಮಾಡಿದೆ. ಹರಪನಹಳ್ಳಿ ಬಸ್ಸಿನಲ್ಲಿ ರಟ್ಟಿನ ಡಬ್ಬಿ ಬಂದಿಳಿಯಿತು, ಅವತ್ತೇ ಸಂಜೆ ಹಚ್ಚಿದೆ. ಮೊದಲು ಬಂದ ಮೊಗ್ಗುಗಳನ್ನು ಚಿವುಟಿ ಹಾಕಿದಾಗ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಬಂದ ಮೊಗ್ಗು ಯಾರಾರ ಚಿವುಟ್ತಾರೇನ?”

“ಮೊದಲು ಬೇರು ಇಳೀಲಿ ತಡೀರಿ ಅತ್ತಿ,” ಎಂದೆ. ನನಗೂ ಸಂಕಟವಾಗಿತ್ತು, ತೋರಿಸಿಕೊಳ್ಳಲಿಲ್ಲ.

ಎಳ್ಳಮಾವಾಸ್ಯೆ ಬಂತು. ಚಳಿಗೆ ಮಲ್ಲಿಗೆ ಹೂ ಬಿಡುವುದಿಲ್ಲ. ಊರಿಗೆಲ್ಲ ಹೂ ಹಂಚುವ ನಮ್ಮತ್ತೆ ಪ್ರತಿವರ್ಷ ಆ ಹಬ್ಬಕ್ಕೆ ಮಾತ್ರ ಸಂತೆಯ ಹೂ ತರಿಸಿ, ಬಾಡಿದ್ದನ್ನು ಕೊಟ್ಟರೆಂದು ಗೊಣಗುತ್ತಿದ್ದರು. ಅವತ್ತು ಹೊಲದ ಪೂಜೆಗೆ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಹಿತ್ತಲಿಗೆ ಹೋದರೆ, ಅತ್ತೆ ನನಗಿಂತ ಮೊದಲೇ ಬಂದು ಖಾಲಿ ಬುಟ್ಟಿ ಹಿಡಿದು ನಿಂತಿದ್ದಾರೆ. ಅವರ ಕಡೆ ಬರೀ ಎಲೆ. ನನ್ನ ಕಡೆ ಗಿಡ ಬಗ್ಗುವಷ್ಟು ಕೆಂಪು ಗುಲಾಬಿ!

“ಪೂಜಿಗೆ ಎರಡು ಹರಕೊಳ್ಳಲೇನವಾ?” ಎಂದರು.

ಆ ಹಿತ್ತಲಿನಲ್ಲಿ ಒಂದು ಹೂವಿಗಾಗಿ ಅವರು ಯಾರನ್ನೂ ಕೇಳಿದವರಲ್ಲ. ಗೆದ್ದೆ ಅನ್ನಿಸಿತು. ಕುಣಿದುಬಿಡಬೇಕು ಅನ್ನುವಷ್ಟು ಖುಷಿಯಾಯಿತು.

“ಎರಡ್ಯಾಕ್ರಿ ಅತ್ತಿ, ಬುಟ್ಟಿ ತುಂಬ ಹರಕೋರಿ!”

ಅವರು ನಿಧಾನಕ್ಕೆ ಬುಟ್ಟಿ ತುಂಬಿಕೊಂಡರು. ಒಳಗೆ ಹೋಗುವಾಗ ಹೊಸ್ತಿಲ ಬಳಿ ನಿಂತು, ನನ್ನ ಮುಖ ನೋಡದೆಯೇ ಹೇಳಿದರು:

“ಬರೋ ಹಸ್ತಕ್ಕ ಇನ್ನೊಂದೀಟು ತರಸು. ಜಾಗ ಸಾಲ್ದಿದ್ರ ಆ ಮೂಲ್ಯಾಗಿನ ಹಳೀ ಮಲ್ಲಿಗಿ ತಗಸಿದ್ರಾತು.”