ದೇವರಿಗೆ ಕೊಟ್ಟ ದೂರು

ಯಾರಾದರೂ ನನ್ನೆದುರು "ದೇವರು ದೊಡ್ಡವನು" ಎಂದರೆ ನನಗೆ ಮೊದಲು ಅನುಮಾನ ಬರುವುದು ಹೇಳಿದವರ ಮೇಲೆ. ಇವರಿಗೆ ಏನೋ ಸಿಕ್ಕಿರಬೇಕು, ಇಲ್ಲವೇ ಇವರಿಗೆ ಆಗದವರಿಗೆ ಏನೋ ಕೆಟ್ಟದ್ದಾಗಿರಬೇಕು ಅನ್ನಿಸುತ್ತದೆ. ಒಳ್ಳೆಯ ಬುದ್ಧಿಯಲ್ಲ, ಗೊತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅಂಟಿಕೊಂಡದ್ದು ಇನ್ನೂ ಬಿಟ್ಟಿಲ್ಲ.

ನಮ್ಮೂರು ವಜ್ರಳ್ಳಿಯ ಕಡೆ. ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮನೆಯಲ್ಲಿ ಏನಾದರೂ ಕಳುವಾದರೆ ಪೊಲೀಸರ ತನಕ ಹೋಗುವ ರೂಢಿ ನಮ್ಮಲ್ಲಿ ಇರಲಿಲ್ಲ. ದೇವರಿಗೆ ದೂರು ಕೊಡುತ್ತಿದ್ದರು. ಊರಾಚೆ ಕಾಡಿನಂಚಿನಲ್ಲಿ ಒಂದು ದೇವರು. ಗುಡಿ ಎನ್ನುವಂಥದ್ದೇನಿಲ್ಲ, ಒಂದು ಕಟ್ಟೆ, ಅದರ ಮೇಲೆ ನಾಲ್ಕು ಕಲ್ಲು. ಅಲ್ಲಿ ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ ಇಟ್ಟು, ಇಂಥ ವಸ್ತು ಕಳೆದಿದೆ ಎಂದು ಪೂಜೆ ಮಾಡುವವನ ಬಾಯಿಂದ ಗಟ್ಟಿಯಾಗಿ ಹೇಳಿಸಬೇಕು. ಯಾರ ಹೆಸರನ್ನೂ ಎತ್ತುವಂತಿಲ್ಲ. ತೆಗೆದವರು ಎಂಟು ದಿನದೊಳಗೆ ತಂದಿಟ್ಟರೆ ಸರಿ, ಇಲ್ಲದಿದ್ದರೆ ಮುಂದಿನದು ದೇವರಿಗೆ ಬಿಟ್ಟದ್ದು. ಕಾಯಿ ಒಡೆಯದೆ ಹಾಗೇ ಇಟ್ಟು ಬರುವುದು. ಮಧ್ಯಾಹ್ನದ ಊಟದೊಳಗೆ ಸುದ್ದಿ ಎಲ್ಲ ಮನೆಗೂ ಮುಟ್ಟುತ್ತಿತ್ತು, ಮುಟ್ಟಲಿ ಎಂದೇ ಕೊಡುತ್ತಿದ್ದದ್ದು. ಹೆದರಿದವರು ಕದ್ದದ್ದನ್ನು ತಂದು ಬಾವಿಕಟ್ಟೆಯ ಮೇಲೆ ಇಟ್ಟು ಹೋದದ್ದೂ ಉಂಟಂತೆ.

ನಮ್ಮ ಮನೆಯಿಂದ ದೂರು ಹೋದದ್ದು ಆಯಿಯ ಒಂದೆಳೆ ಚಿನ್ನದ ಸರದ ಬಗ್ಗೆ. ಆಯಿ ಎಂದರೆ ನನ್ನ ತಾಯಿ. ತವರಿನಲ್ಲಿ ಕೊಟ್ಟ ಸರ ಅದು; ಮದುವೆ ಮುಂಜಿಗೆ ಮಾತ್ರ ಹಾಕಿಕೊಳ್ಳುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಒಂದು ಮದುವೆಗೆ ಹೊರಟು ಪೆಟ್ಟಿಗೆ ತೆಗೆದರೆ ಸರ ಇಲ್ಲ. ಬಟ್ಟೆಯನ್ನೆಲ್ಲ ಕೊಡವಿ ನೋಡಿದಳು, ಮಂಚದ ಅಡಿ ಕೈಯಾಡಿಸಿದಳು. ಕೊನೆಗೆ ಕೊರಳಲ್ಲಿ ಬರೀ ಕರಿಮಣಿ ಹಾಕಿಕೊಂಡು ಮದುವೆಗೆ ಹೋಗಿ ಬಂದು, ಮಾರನೆಯ ದಿನ ದೇವರ ಕಟ್ಟೆಗೆ ಕಾಯಿ ಕೊಟ್ಟು ಬಂದಳು.

ಸರ ತೆಗೆದದ್ದು ನಾನು. ಮಾರ್ಚಿನಲ್ಲಿ ಏಳನೇ ತರಗತಿಯ ಬೀಳ್ಕೊಡುಗೆ ಇತ್ತು. ಆಯಿಯನ್ನು ಕೇಳಿದರೆ ಬೇಡ ಎನ್ನುತ್ತಾಳೆಂದು ಕೇಳದೆಯೇ ಹಾಕಿಕೊಂಡೆ. ಮನೆ ದಾಟುವ ತನಕ ರವಿಕೆಯ ಒಳಗೆ, ಆಮೇಲೆ ಹೊರಗೆ. ಸಂಜೆ ವಾಪಸು ಬರುವಾಗ ದಾರಿಯಲ್ಲಿ ಕೊರಳು ಮುಟ್ಟಿಕೊಂಡರೆ ಇರಲಿಲ್ಲ. ಮೂರು ದಿನ ಆ ದಾರಿಯ ಹುಲ್ಲನ್ನೆಲ್ಲ ಕೆದಕಿದೆ. ಸಿಗಲಿಲ್ಲ. ಆಯಿ ಪೆಟ್ಟಿಗೆ ತೆಗೆಯುವ ದಿನ ಬಾರದೇ ಹೋಗಲಿ ಎಂದು ಬೇಡಿಕೊಂಡದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ದೂರು ಕೊಟ್ಟ ಮೇಲಿನ ದಿನಗಳು ನನಗೆ ಹೇಗೆ ಕಳೆದವು ಎಂದು ಹೇಳಲಾರೆ. ವಾಪಸು ಇಡೋಣವೆಂದರೆ ನನ್ನ ಹತ್ತಿರ ಸರವೇ ಇಲ್ಲ. ಬೆಳಿಗ್ಗೆ ಎದ್ದು ಕೈಕಾಲು ಆಡಿಸಿ ನೋಡಿಕೊಳ್ಳುತ್ತಿದ್ದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಕ್ಯಾಲೆಂಡರ್ ಓದುತ್ತಿದ್ದೆ, ಆಮೇಲೆ ಕಣ್ಣು ಬದಲಿಸುತ್ತಿದ್ದೆ. ದೇವರು ಎಲ್ಲಿಂದ ಶುರುಮಾಡುತ್ತಾನೋ ಗೊತ್ತಿಲ್ಲವಲ್ಲ.

ಊರಿನವರ ಕಣ್ಣು ಮಾತ್ರ ಬೇರೆ ಕಡೆ ಇತ್ತು. ನಮ್ಮ ಮನೆಗೆ ಗಂಡ ಹೆಂಡತಿ ಇಬ್ಬರು ಕೆಲಸಕ್ಕೆ ಬರುತ್ತಿದ್ದರು. ಗದ್ದೆಯಾಚೆಯ ಕೇರಿಯವರು, ತುಂಡು ಗೇಣಿ ಭೂಮಿ ಇದ್ದವರು. ಗಂಡ ಮರ ಹತ್ತುವುದರಲ್ಲಿ ಗಟ್ಟಿಗ, ಮಾತು ಕಮ್ಮಿ. ಹೆಂಡತಿ ನೆಲ ಸಾರಿಸುವುದು, ಅಂಗಳದ ಕೆಲಸ ನೋಡಿಕೊಳ್ಳುತ್ತಿದ್ದಳು. ಪೆಟ್ಟಿಗೆ ಇದ್ದ ಒಳಕೋಣೆಯ ತನಕ ಬಂದು ಹೋಗುವ ಹೊರಗಿನವರು ನೆಲ ಸಾರಿಸಲು ಆಕೆ, ಅಟ್ಟಕ್ಕೆ ಕಾಯಿ ಏರಿಸಲು ಆತ, ಇಬ್ಬರೇ. ಆಯಿ ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆರನೆಯ ದಿನ ಬೆಳಿಗ್ಗೆ ಹಪ್ಪಳಕ್ಕೆಂದು ಹಲಸಿನಕಾಯಿ ಕೊಯ್ಯಲು ಆತ ನಮ್ಮ ಹಿತ್ತಲಿನ ದೊಡ್ಡ ಮರ ಹತ್ತಿದ. ಪ್ರತಿ ವರ್ಷ ಹತ್ತುತ್ತಿದ್ದ ಮರವೇ. ಎರಡು ಕಾಯಿ ಹಗ್ಗದಲ್ಲಿ ಇಳಿಸಿದ. ಮೂರನೆಯದಕ್ಕೆ ಕೈಚಾಚಿದವನು ಕಾಯಿಯ ಜೊತೆಗೇ ಕೆಳಗೆ ಬಂದ. ಯಲ್ಲಾಪುರಕ್ಕೆ ಒಯ್ಯಲು ಜೀಪು ಹುಡುಕಿ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಆದದ್ದು ನಿರಾಳ. ದೇವರಿಗೆ ಮನೆ ತಪ್ಪಿತು, ನಾನು ಉಳಿದುಕೊಂಡೆ. ಆಮೇಲೆ ಅಳು ಬಂತು, ಆದರೆ ಅದು ಆಮೇಲೆ.

ಪಕ್ಕದ ಮನೆಯ ದೊಡ್ಡಮ್ಮ ಸಂಜೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಕಂಡ್ಯನೇ? ದೇವ್ರಿಗೆ ಎಂಟು ದಿನವೂ ಬೇಕಾಯ್ದಿಲ್ಲೆ."

ಆಯಿ ಒಲೆಯ ಮುಂದೆ ಕುಳಿತಲ್ಲಿಂದ ಏಳಲಿಲ್ಲ. "ಆನು ಸರ ಕೊಡ್ಸು ಹೇಳಿ ಕೇಳಿದ್ದು," ಎಂದಳು. "ಜೀವ ತೆಗಿ ಹೇಳಿ ಕೇಳಿದ್ನಿಲ್ಲೆ." ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. ಆ ವರ್ಷ ನಮ್ಮ ಮನೆಯಲ್ಲಿ ಹಪ್ಪಳ ಮಾಡಲಿಲ್ಲ. ಆತನ ಹೆಂಡತಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಸಣ್ಣ ಮಗಳನ್ನು ಕಟ್ಟಿಕೊಂಡು ಸಿದ್ದಾಪುರದ ಕಡೆಯ ತವರಿಗೆ ಹೋದಳೆಂದು ಕೇಳಿದೆ.

ಇಡೀ ಊರಿಗೆ ದೇವರಿದ್ದಾನೆ ಎಂದು ಖಾತ್ರಿಯಾದ ದಿನವೇ ನನಗೆ ಇಲ್ಲ ಎಂದು ಖಾತ್ರಿಯಾಯಿತು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತಲ್ಲ. ಕದ್ದವಳು ಇಲ್ಲಿ ಅಡಿಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದಾಳೆ, ಕದಿಯದವನು ಸುಡುಗಾಡು ಸೇರಿದ್ದಾನೆ. ದೇವರಿಗೆ ಕಣ್ಣಿದ್ದರೆ ಕೈ ತಪ್ಪಿದೆ, ಕೈ ಸರಿಯಿದ್ದರೆ ಮನಸ್ಸು ಸರಿಯಿಲ್ಲ. ಇವೆರಡೂ ಅಲ್ಲವೆಂದರೆ ಕಟ್ಟೆಯ ಮೇಲಿರುವುದು ಬರೀ ಕಲ್ಲು. ಹನ್ನೆರಡು ವರ್ಷದ ಹುಡುಗಿ ಇಷ್ಟು ಚಂದ ಮಾಡಿ ಹೇಳಿಕೊಂಡಿರಲಿಕ್ಕಿಲ್ಲ, ಆದರೆ ಸಾರಾಂಶ ಇದೇ. ಈ ವಾದ ನನಗೆ ಎಷ್ಟು ಹಿಡಿಸಿತೆಂದರೆ ಮುಂದೆ ಎಲ್ಲ ಕಡೆ ಅದನ್ನು ಕಟ್ಟಿಕೊಂಡೇ ತಿರುಗಿದೆ.

ಶಿರಸಿಯಲ್ಲಿ ಕಾಲೇಜು ಓದುವಾಗ ಗೆಳತಿಯರೆಲ್ಲ ಚಂದಗುಳಿಯ ಗಂಟೆ ಗಣಪತಿಗೆ ಹೊರಟರು, ನಾನೂ ಹೋದೆ. ಹರಕೆ ಈಡೇರಿದವರು ಕಟ್ಟಿದ ಗಂಟೆಗಳು, ತಲೆ ಎತ್ತಿದಲ್ಲೆಲ್ಲ ಗಂಟೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರೆ ನಾನು, "ಈಡೇರದವರು ಏನು ಕಟ್ಟುತ್ತಾರೆ?" ಎಂದು ಕೇಳಿದೆ. ಗೆಳತಿಯೊಬ್ಬಳು ಪ್ರಸಾದ ಹಿಡಿದ ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದಳು.

ಮುಂದೆ ಮೇಷ್ಟ್ರಗಿತ್ತಿಯಾದೆ. ಸಿದ್ದಾಪುರ ತಾಲೂಕಿನ ಶಾಲೆಗೆ ಬಂದಾಗ ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅಲ್ಲಿ ಒಬ್ಬರು ಹಿರಿಯ ಮೇಷ್ಟ್ರಿದ್ದರು, ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಷ್ಟ ಬಂದರೂ ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎನ್ನುವರು. ಉತ್ತರ ಮೊದಲೇ ಗೊತ್ತಿದ್ದವನು ಪರೀಕ್ಷೆ ಯಾಕೆ ಮಾಡುತ್ತಾನೆ ಸರ್ ಎಂದು ಕೇಳಿದೆ. ಹಿಂದಿನ ಜನ್ಮದ ಕರ್ಮ ಇರಬಹುದು ಎಂದರು. ಆ ಕರ್ಮದ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ತಾಲೂಕು ಕಚೇರಿಗೆ ಹೋದರೆ ನಿಮ್ಮ ಕಾಗದ ಇಲ್ಲಿಲ್ಲ, ಹಳೆಯ ಕಚೇರಿಯಲ್ಲಿದೆ ಎನ್ನುತ್ತಾರಲ್ಲ, ಹಾಗೆ. ಮೇಷ್ಟ್ರು ನಕ್ಕು ಚಹಾ ತರಿಸಿದರು. ಗೆದ್ದೆ ಎಂದುಕೊಂಡೆ. ಆದರೆ ನನ್ನ ಸಾಕ್ಷಿ ಯಾವುದು ಎಂದು ಅವರಿಗಾಗಲಿ, ಆಯಿಗಾಗಲಿ ಹೇಳಲಿಲ್ಲ. ಆಯಿ ಆ ಸರದ ಸುದ್ದಿ ಮತ್ತೆ ಎತ್ತದೆಯೇ ತೀರಿಕೊಂಡಿದ್ದಳು.

ಒಂದು ದಿನ ಸಿದ್ದಾಪುರದಿಂದ ಕೋಲಸಿರ್ಸಿಯ ಕಡೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮುಖವನ್ನೇ ನೋಡಿ, "ನೀವು ವಜ್ರಳ್ಳಿ ಬದಿ ತಂಗಿ ಅಲ್ಲನ್ರಾ?" ಎಂದಳು. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಆಕೆಯೇ. ಕೂದಲು ಬೆಳ್ಳಗಾಗಿತ್ತು. ಮಗಳನ್ನು ಕೋಲಸಿರ್ಸಿಗೆ ಕೊಟ್ಟಿದ್ದಾಳಂತೆ, ಅಳಿಯನಿಗೆ ಗದ್ದೆ ಇದೆಯಂತೆ, ಆಕೆಯೂ ಅಲ್ಲೇ ಇದ್ದಾಳಂತೆ. ಅಷ್ಟು ಪ್ರೀತಿಯಿಂದ ಮಾತಾಡಿಸಿದಳು, ನನಗೆ ಅದರ ಮೇಲೂ ಅನುಮಾನ. ಇವಳಿಗೆ ಗೊತ್ತಿರಬಹುದೇ ಎಂದು ಹೆದರಿ ಕಿಟಕಿಯ ಕಡೆ ತಿರುಗಿದೆ.

ಆಯಿ ಹೋದ ಸುದ್ದಿ ಹೇಳಿದೆ. ಆಕೆ ದನಿ ತಗ್ಗಿಸಿ ಹೇಳಿದಳು, "ಒಂದ್ಸಲ ಬಂದು ಕಾಲಿಗೆ ಬೀಳೂದಿತ್ತು ಅವರಿಗೆ. ನನ್ ಗಂಡ ಮಾಡಿದ ಕೆಲ್ಸಕ್ಕೆ ಮುಖ ತೋರ್ಸೂಕೆ ಆಗ್ಲಿಲ್ಲ. ದೇವರು ಅವಂಗೆ ಸರೀ ಮಾಡ್ದ ಬಿಡಿ."

ನನ್ನ ನಿಲ್ದಾಣ ಬಂತು, ಇಳಿದೆ. ಆ ವಾರ ಪಾಠ ಮಾಡಲಾಗಲಿಲ್ಲ. ಆತ ನಿರಪರಾಧಿ ಎಂದು ಗೊತ್ತಿರುವ ಒಂದೇ ಜೀವ ನಾನು, ಅವನ ಹೆಂಡತಿಯೇ ಅವನನ್ನು ಕಳ್ಳ ಎಂದು ನಂಬಿ ಬದುಕುತ್ತಿದ್ದಾಳೆ. ಹೇಳದೇ ಇರುವಂತಿಲ್ಲ. ಹೇಳುವಾಗಲೂ ನಾನು ಹೇಗೆ ತಯಾರಾದೆ ನೋಡಿ: ಇದರಲ್ಲಿ ದೇವರ ಕೈಯಿಲ್ಲ, ದೇವರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಮರದಿಂದ ಬಿದ್ದದ್ದು ಬರೀ ಆಕಸ್ಮಿಕ ಎಂದು ಸಮಾಧಾನ ಹೇಳುವುದು. ಆಕೆಯನ್ನು ಮೂಢನಂಬಿಕೆಯಿಂದ ಬಿಡಿಸುವ ಉಪಕಾರವನ್ನೂ ಮಾಡಿದಂತಾಗುತ್ತದೆ ಎಂಬ ಹುರುಪು ಬೇರೆ.

ಭಾನುವಾರ ಬೆಳಿಗ್ಗೆ ಹುಡುಕಿಕೊಂಡು ಹೋದೆ. ಆಕೆ ಜಗಲಿಯಲ್ಲಿ ಚಾಪೆ ಹಾಕಿದಳು. ನಾನು ಕುಳಿತ ಕೂಡಲೇ, ಮತ್ತೆ ಧೈರ್ಯ ಹೋದೀತೆಂದು, ಎಲ್ಲವನ್ನೂ ಹೇಳಿಬಿಟ್ಟೆ. ಬೀಳ್ಕೊಡುಗೆ, ಪೆಟ್ಟಿಗೆ, ಹುಲ್ಲಿನ ದಾರಿ. ನಿಮ್ಮ ಗಂಡ ತೆಗೆದದ್ದಲ್ಲ, ತೆಗೆದವಳು ನಾನು. ಆಮೇಲೆ ದೇವರ ವಿಷಯಕ್ಕೆ ಬಂದೆ. ತಪ್ಪು ಮಾಡಿದವಳನ್ನು ಬಿಟ್ಟು ಮಾಡದವನನ್ನು ಕೊಲ್ಲುವ ದೇವರು ಎಲ್ಲಾದರೂ ಇರುತ್ತಾನೆಯೇ ಎಂದು ಕೇಳಿದೆ.

"ದೇವರ ಸುದ್ದಿ ಬಿಡ್ರಿ," ಎಂದಳು ಆಕೆ. ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದವಳು ಈಗ ಅಂಗಳ ನೋಡುತ್ತಿದ್ದಳು. "ದೂರು ಕೊಟ್ಟಿದ್ದು ಕೇಳಿ ನಂಗೆ ಮಗಳಿಗೆ ಎಂತಾದ್ರೂ ಆದ್ರೆ ಅಂತ ಹೆದ್ರಿಕೆ ಆಯ್ತು. ಅವ ಆ ತಿಂಗ್ಳು ಒಬ್ನೇ ಯಲ್ಲಾಪುರಕ್ಕೆ ಹೋಗಿ ಬಂದಿದ್ದ, ಎಂತಕ್ಕೆ ಅಂತ ಹೇಳಿರ್ಲಿಲ್ಲ. ಸರ ಎಲ್ಲಿಟ್ಟೆ ಹೇಳು, ಆಮೇಲೆ ಉಣ್ಣು ಅಂದೆ. ನಾ ತೆಗೀಲಿಲ್ಲ, ಮಗಳ ಆಣೆ ಅಂದ. ಅದ್ನೂ ನಂಬ್ಲಿಲ್ಲ ನಾ. ಗಂಜಿ ಪಾತ್ರೆ ಎತ್ತಿ ಒಳಗೆ ಇಟ್ಟೆ. ಮೂರು ದಿನ ಹಂಗೇ ಮಾಡ್ದೆ. ನಿಮ್ಮ ಮನೇಲಿ ಕೊಟ್ಟಿದ್ದೂ ಮುಟ್ತಿರ್ಲಿಲ್ಲ ಅವ, ಕಳ್ಳ ಅಂತ ನೋಡೋರ ಮನೇದು ಬೇಡ ಅಂತಿದ್ದ. ಬರೀ ನೀರು ಕುಡ್ದು ಹೋಗಿ ಮರ ಹತ್ತಿದ."

ಇಷ್ಟು ವರ್ಷ ದೇವರ ವಿರುದ್ಧ ಹಿಡಿದುಕೊಂಡು ಬಂದ ಸಾಕ್ಷಿ ಆತನ ಸಾವು. ಗುರಿ ತಪ್ಪಿತ್ತು ಎಂದು ದೇವರನ್ನು ಆಡಿಕೊಂಡಿದ್ದೆ. ಆ ಆರು ದಿನ ಸುಮ್ಮನಿದ್ದ ನನ್ನ ಬಾಯಿಯಿಂದ ಆ ಗಂಜಿ ಪಾತ್ರೆಯ ತನಕ ನೆಟ್ಟಗೆ ಒಂದು ದಾರಿ ಇತ್ತು, ನಾನು ಒಮ್ಮೆಯೂ ಆ ಕಡೆ ನೋಡಿರಲಿಲ್ಲ. ಎಲ್ಲರನ್ನೂ ಅನುಮಾನಿಸಿದವಳು ನನ್ನನ್ನು ಬಿಟ್ಟುಬಿಟ್ಟಿದ್ದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗಿಂದ ಮಗಳು ಚಹಾ ತಂದಿಟ್ಟು ಹೋದಳು. ಲೋಟ ನನ್ನ ಕಡೆ ಸರಿಸಿ ಆಕೆ ಕೇಳಿದಳು, "ತಂಗಿ, ನೀವು ಆವಾಗ್ಲೇ ಎಂತಕ್ಕೆ ಹೇಳ್ಲಿಲ್ಲ?"

"ಹೆದ್ರಿಕೆ ಆಗಿತ್ತು," ಎಂದೆ. "ಆಯಿ ಹೊಡೆದರೆ ಅಂತ."

ಆಕೆ ಬಹಳ ಹೊತ್ತು ಯೋಚಿಸಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುವವಳ ಹಾಗೆ ಹಣೆ ಗಂಟಿಕ್ಕಿಕೊಂಡು.

"ಅಷ್ಟು ವರ್ಷ ಬಂದೆ ನಿಮ್ಮಲ್ಲಿಗೆ," ಎಂದಳು. "ನಿಮ್ಮ ಅಮ್ಮ ಯಾರಿಗೂ ಹೊಡ್ದಿದ್ದು ನಾ ನೋಡ್ಲಿಲ್ಲ."

ನಾನೂ ನೋಡಿರಲಿಲ್ಲ.