ಸಾ–ಗ–ಪ ಹಾಡಿದ ಕಂಪ್ಯೂಟರ್

ರೈಲ್ವೆಯಲ್ಲಿದ್ದ ಅಪ್ಪನಿಗೆ ವಡೋದರಕ್ಕೆ ವರ್ಗವಾದಾಗ, ಹುಬ್ಬಳ್ಳಿಯಿಂದ ಹಾರ್ಮೋನಿಯಂ ಹೊತ್ತು ತಂದವಳು ವೇದಾ. ಮುಂದೆ ಕಂಪ್ಯೂಟರ್ ಕಲಿತು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಕೆಲಸ ಹಿಡಿದರೂ ಹಾರ್ಮೋನಿಯಂ ಬಿಡಲಿಲ್ಲ. ೧೯೯೫ರಲ್ಲಿ ಸೂರತ್ ಹತ್ತಿರದ ಸಚಿನ್ ಎಂಬ ಊರಿನ ಸೀರೆ ಕಾರ್ಖಾನೆಗೆ ಒಬ್ಬಳೇ ಬರೆದ ಮೊದಲ ಪ್ರೋಗ್ರಾಮಿನೊಳಗೂ ಸ್ವರ ತುರುಕಿದಳು.

ಉಗ್ರಾಣದ ಮಗನ್‌ಭಾಯಿ ನೂಲಿನ ಪೆಟ್ಟಿಗೆಯ ನಂಬರ್ ಒತ್ತಬೇಕು. ಮಗ್ಗದ ಮೇಲಿರುವ ಸೀರೆಗೆ ಆ ಬಣ್ಣ ಸಲ್ಲದಿದ್ದರೆ ಕಂಪ್ಯೂಟರ್ 'ಸಾ–ಗ–ಪ' ಎಂದು ಎಚ್ಚರಿಸುತ್ತದೆ. ಅದನ್ನು ಕೇಳಲೆಂದೇ ಅಹಮದಾಬಾದಿನ ಆಫೀಸಿನವರೆಲ್ಲ ಬೇಕಂತ ತಪ್ಪು ನಂಬರ್ ಒತ್ತುತ್ತಿದ್ದರು.

ಆದರೆ ಸಚಿನ್‌ನ ಕಾರ್ಖಾನೆಯಲ್ಲಿ ಮಗ್ಗಗಳು ಖಟಖಟ ಶುರುವಾದವು ನೋಡಿ, ಪಕ್ಕದವರ ಮಾತೂ ಕೇಳದಾಯಿತು. ಮಗನ್‌ಭಾಯಿ ನಂಬರ್ ಒತ್ತಿದವರೇ ಬೆನ್ನು ತಿರುಗಿಸಿ ಪೆಟ್ಟಿಗೆ ಎತ್ತಿಕೊಂಡು ನಡೆದರು. ಹಿಂದೆ ಕಂಪ್ಯೂಟರ್ ಪಾಪ, ಹಾಡಿಯೇ ಹಾಡಿತು. ಸ್ವಲ್ಪ ಹೊತ್ತಿಗೆ ಹಸಿರು ಸೀರೆಯ ನಡುವೆ ನೇರಳೆ ಪಟ್ಟಿಯೊಂದು ಮೂಡಿತು.

ಮಾಲೀಕ ಜಯಂತಿಭಾಯಿ ಆ ಸೀರೆ ಹಿಡಿದು ಬಂದರು. "ವೇದಾಬೆನ್, ನಿಮ್ಮ ಮಶೀನಿಗೆ ಗಂಟಲು ಕಟ್ಟಿದೆಯಾ? ಸಂಜೆಯೊಳಗೆ ಸರಿಹೋಗದಿದ್ದರೆ ನಿಮ್ಮ ಜೊತೆಗೇ ವಾಪಸ್ ಕಳಿಸ್ತೀನಿ."

ವೇದಾಳ ಜೊತೆಗೆ ಆಫೀಸಿನಿಂದ ಬಂದಿದ್ದ ಪೂರ್ವಿ ಅಹಮದಾಬಾದಿನಲ್ಲೇ ಬೆಳೆದ ಕನ್ನಡದ ಹುಡುಗಿ. "ದೀದಿ, ದೊಡ್ಡ ಸ್ಪೀಕರ್ ಲಗಾಯಿಸೋಣ ನಾ?"

"ಮಗ್ಗದ ಜೋಡಿ ಒದರಾಡಿ ಗೆದ್ದವರು ಯಾರದಾರವಾ? ಸುಮ್ನ ಕೂಡು. ಮೊದ್ಲ ಮಗನ್‌ಭಾಯಿ ಹೆಂಗ್ ಕೆಲಸಾ ಮಾಡ್ತಾರ ನೋಡೂಣು."

ಇಬ್ಬರೂ ಚಹಾ ಹಿಡಿದು ಮೂಲೆಯಲ್ಲಿ ಕುಳಿತರು. ಎರಡೂ ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಮಗನ್‌ಭಾಯಿ ಪ್ರತಿಸಲ ಬಾಗಿಲನ್ನು ಬೆನ್ನಿನಿಂದ ತಳ್ಳುತ್ತಿದ್ದರು. ಆಗ ಅವರ ಮುಖ ನೇರ ಕಂಪ್ಯೂಟರಿನ ಕಡೆಗೇ.

ವೇದಾಳ ಚಹಾ ಅಲ್ಲೇ ಆರಿತು. ಅಷ್ಟು ಮುದ್ದಿನಿಂದ ಕೂಡಿಸಿದ್ದ ಸ್ವರಗಳನ್ನು ಆ ಜಾಗದಿಂದ ಕಿತ್ತಳು. ತಪ್ಪು ನಂಬರಿಗೆ ಇಡೀ ಪರದೆ ಕೆಂಪಾಗುವಂತೆ ಬರೆದಳು.

ಮಧ್ಯಾಹ್ನ ಮಗನ್‌ಭಾಯಿ ಇನ್ನೊಂದು ತಪ್ಪು ಪೆಟ್ಟಿಗೆ ಎತ್ತಿದರು. ಬಾಗಿಲಿಗೆ ಬೆನ್ನು ಕೊಟ್ಟವರು ಹಾಗೇ ನಿಂತುಬಿಟ್ಟರು. ನಗುತ್ತ ಮರಳಿ ಬಂದರು.

"ಬೆನ್, ಥೇಟ್ ಸಿಟ್ಟಿಗೆದ್ದ ನನ್ನ ಮಾವನ ಮುಖ. ಇದನ್ನು ನೋಡಿ ಮುಂದೆ ಹೋಗೋ ಧೈರ್ಯ ನನಗಿಲ್ಲ."

ಆಮೇಲೆ ಯಾವ ಸೀರೆಯೂ ಕೆಡಲಿಲ್ಲ. ಸಂಜೆ ಮಗ್ಗಗಳು ನಿಂತವು. ಕಾರ್ಖಾನೆ ಗಪ್‌ಚಿಪ್. ವೇದಾ ಪ್ರೋಗ್ರಾಂ ಮುಚ್ಚಿದಳು. ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿತು: ಸಾ–ಗ–ಪ. ಕಿತ್ತ ಸ್ವರಗಳನ್ನು ಎಸೆಯಲು ಮನಸ್ಸಾಗದೆ, ದಿನದ ಕೊನೆಗೆ ಪ್ರೋಗ್ರಾಂ ಮುಚ್ಚುವಾಗ ಕೇಳುವಂತೆ ಅಂಟಿಸಿದ್ದಳು.

ಚಪ್ಪಲಿ ಮೆಟ್ಟುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಗಂಟಲು ಬಿಡ್ತು," ಎಂದರು ಜಯಂತಿಭಾಯಿ. "ಇದು ಇಲ್ಲೇ ಇರಲಿ ಬೆನ್. ಎಲ್ಲಿ, ಇನ್ನೊಂದ್ಸಲ ಹಾಡಿಸಿ."