ಗಿರಿಜಾ ಸಿಸ್ಟರ ಮೀಟಿಂಗಿನಲ್ಲಿ ನಾನು ಹೇಳದೆ ಉಳಿಸಿಕೊಂಡದ್ದು

ಒಂದು ಹೂವಿನ ಚಿತ್ರ ಅಂಟಿಸಿ ಓಡಬೇಡಿ...
ನಿಮಗೇ ಹೇಳುವುದು.
ಬೆಳಿಗ್ಗೆಯಿಂದ ಈ ಗುಂಪಿನಲ್ಲಿ ನೋಡುತ್ತಿದ್ದೇನೆ. ಒಬ್ಬರ ಹಿಂದೆ ಒಬ್ಬರು "ಆರ್‌ಐಪಿ" ಎಂದು ಬರೆದು ಹೋಗುತ್ತಿದ್ದೀರಿ.
ಮೂರಕ್ಷರಕ್ಕೆ ಮುಗಿಯುವ ಹೆಂಗಸಾ ಅವರು?
ನಾಚಿಕೆ ಇಲ್ಲದವರು. ಕೂತು ಪೂರ್ತಿ ಓದಿ.
ಕುವೈತಿನಲ್ಲಿರುವ ಲೀನಾ... ನೀನು ಎರಡು ಸಲ ಓದು. ನಿನಗೆ ನಾನು ಮಾಡಿದ ಅನ್ಯಾಯ ಇದರಲ್ಲಿ ಉಂಟು.

ನಮ್ಮ ಐಸಿಯುವನ್ನು ನಡೆಸುತ್ತಿದ್ದ ಗಿರಿಜಾ ಸಿಸ್ಟರ್ ಇಲ್ಲವಂತೆ...
ಕಾರ್ಕಳದಿಂದ ಅವರ ತಮ್ಮ ಫೋನ್ ಮಾಡಿದಾಗ "ಯಾವ ಗಿರಿಜಾ?" ಎಂದು ಕೇಳಿದೆ.
ಗೊತ್ತಿದ್ದೂ ಕೇಳಿದೆ.
ಬೇರೆ ಯಾರೋ ಗಿರಿಜಾ ಆಗಿರಲಿ ಎಂದು...

ನಾನು ಅಪ್ಪಿ, ಆ ಐಸಿಯುವಿನ ಆಯಾ. ಐದನೇ ಕ್ಲಾಸಿನವರೆಗೆ ಓದಿದವಳು.
ಮೊಮ್ಮಗಳು ಟೈಪ್ ಮಾಡಿ ಕೊಡುತ್ತೇನೆ ಎಂದಳು. ಬೇಡ ಎಂದೆ. ಇದು ಬೇರೆಯವರ ಕೈಯಲ್ಲಿ ಬರೆಸುವ ವಿಷಯ ಅಲ್ಲ.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ.
ಬೆಳಗ್ಗಿನ ಶಿಫ್ಟ್ ಎರಡು ಗಂಟೆಗೆ ಮುಗಿದರೆ ನಾವು ನೇರ ಮನೆಗೆ ಹೋಗುವಂತಿರಲಿಲ್ಲ.
ಬಟ್ಟೆ ಇಡುವ ಸಣ್ಣ ರೂಮಿನಲ್ಲಿ ಹತ್ತು ನಿಮಿಷ ಎಲ್ಲರೂ ಕೂರಬೇಕು. ಡಾಕ್ಟರ್, ನರ್ಸ್, ನೆಲ ಒರೆಸುವ ನಾನೂ.
ಆ ದಿನ ಆದದ್ದನ್ನು ಒಬ್ಬೊಬ್ಬರೇ ಹೇಳಬೇಕು.
"ಸಾವಿನ ಮನೆಗೆ ಹೋಗಿ ಬಂದರೆ ಮೀಯದೆ ಒಳಗೆ ಹೋಗ್ತೀರಾ? ಇಲ್ಲ ಅಲ್ವಾ? ಇಲ್ಲಿ ಮಾತಾಡಿ, ಮಿಂದ ಹಾಗೆ ಆಗ್ತದೆ. ಆಮೇಲೆ ಮನೆಗೆ ಹೋಗಿ ಮಕ್ಕಳನ್ನು ಮುಟ್ಟಿ" ಎನ್ನುತ್ತಿದ್ದರು ಸಿಸ್ಟರ್.
ಅವರದು ಇನ್ನೊಂದು ಕ್ರಮ... ತಪ್ಪಾದರೆ ಯಾರು ಮಾಡಿದ್ದು ಎಂದು ಯಾರೂ ಕೇಳಬಾರದು. ಮಾಡಿದವರೇ ಹೇಳಬೇಕು.

ಮೊದಲ ದಿನ ನಾನು ಹೇಳಿದ್ದು ಡಾಕ್ಟರ ಚಪ್ಪಲಿಯ ವಿಷಯ.
"ಹೊರಗಿನ ಕೆಸರು ಪೂರಾ ಒಳಗೆ ತರ್ತಾರೆ, ಗದ್ದೆ ಉಳಲಿಕ್ಕೆ ಬಂದ ಹಾಗೆ."
"ಅಪ್ಪಿಯಕ್ಕ, ನಿಮ್ಮ ಬಾಯಿಗೊಂದು ಪ್ಲಾಸ್ಟರ್ ಹಾಕಬೇಕು ಮಾರಾಯ್ರೆ" ಎಂದರು ಡಾಕ್ಟರ್.
"ಹಾಕುವ ಡಾಕ್ಟ್ರೇ. ಮೊದಲು ನೀವು ಚಪ್ಪಲಿ ತೆಗೀರಿ" ಎಂದರು ಸಿಸ್ಟರ್.
ನಕ್ಕು ನಕ್ಕು ಸಾಕಾಯಿತು...
ಅಂಥ ಬಾಯಿ ನನ್ನದು. ಬೇಕಾದ ದಿನ ಅದು ತೆರೆಯಲಿಲ್ಲ.

ಮಣಿಪಾಲದಲ್ಲಿ ಕಟ್ಟಡದಿಂದ ಬಿದ್ದ ಗದಗ ಕಡೆಯ ಒಬ್ಬ ಕೆಲಸಗಾರ ನಮ್ಮಲ್ಲಿದ್ದ. ಮೂರು ದಿನದಿಂದ ಅವನ ಹೆಂಡತಿ ಗಾಜಿನ ಬಾಗಿಲಿನ ಹೊರಗೆ ಕೂತಿದ್ದಳು. ಮಗು ಕಾಪುವಿನ ಶೆಡ್ಡಿನಲ್ಲಿ, ಪಕ್ಕದವರ ಹತ್ತಿರ.
ಬೆಳಿಗ್ಗೆ ನೆಲ ಒರೆಸಿ ಹೊರಗೆ ಬಂದಾಗ ನನ್ನ ಸೆರಗು ಹಿಡಿದಳು.
"ಉಳಿತಾರೇನ್ರೀ ಅವ್ವಾ?"
"ಹೆದರುವುದು ಎಂತಕ್ಕೆ ಮಾರಾಯ್ತಿ? ಈಗ ಕಣ್ಣು ಬಿಟ್ಟಿದ್ದಾರೆ. ಹೋಗಿ ಮಗುವನ್ನು ನೋಡಿ ಬಾ. ಸಂಜೆಯವರೆಗೆ ಎಂತದೂ ಆಗುವುದಿಲ್ಲ."
ಹೇಳಲಿಕ್ಕೆ ನಾನು ಯಾರು?
ಎಷ್ಟೋ ಜನರನ್ನು ನೋಡಿದ್ದೇನೆ, ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ ಎಂಬ ಅಹಂಕಾರ...
ಅವಳು ಕಾಪುವಿನ ಬಸ್ ಹತ್ತಿದಳು.
ಹನ್ನೊಂದು ಗಂಟೆಗೆ ಅವನು ಹೋದ. ಕೊನೆಗೆ ಬಾಗಿಲಿನ ಕಡೆಗೇ ನೋಡುತ್ತಿದ್ದ.
ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದವಳು ಯಾರ ಮುಖವನ್ನೂ ನೋಡಲಿಲ್ಲ. "ನೀವ ಹೋಗು ಅಂದ್ರಿ, ಅದಕ್ಕ ಹೋದೆ..." ಎಂದು ಗಾಜಿಗೆ ಹಣೆ ಬಡಿದು ಅತ್ತಳು.

ಎರಡು ಗಂಟೆಗೆ ಮೀಟಿಂಗ್.
"ಆ ಹೆಂಗಸನ್ನು ಕಳಿಸಿದ್ದು ಯಾರು?" ಡಾಕ್ಟರ್ ಸಿಟ್ಟಿನಲ್ಲಿ ಕ್ರಮ ಮೀರಿ ಕೇಳಿಯೇ ಬಿಟ್ಟರು.
ಆ ಬೆಡ್ ನೋಡುತ್ತಿದ್ದ ನರ್ಸ್ ಶಿರ್ವದ ಲೀನಾ. ಸೇರಿ ಆರು ತಿಂಗಳೂ ಆಗಿರಲಿಲ್ಲ.
"ನಾನೇ ಹೇಳಿರಬೇಕು ಸಿಸ್ಟರ್... ಬೆಳಿಗ್ಗೆ ಅವರ ಹತ್ತಿರ ಸ್ವಲ್ಪ ಮಾತಾಡಿದ್ದೆ. ಎಂತ ಹೇಳಿದ್ದು ಅಂತ ಸರಿ ನೆನಪಾಗುವುದಿಲ್ಲ" ಎಂದು ಅತ್ತಳು.
ನನ್ನ ಸರದಿ ಬಂತು.
"ಅಪ್ಪಿಯಕ್ಕ, ನಿಮ್ಮದು ಎಂತ ಉಂಟು?"
"ಎಂತದೂ ಇಲ್ಲ ಸಿಸ್ಟರ್. ಫಿನಾಯಿಲ್ ಮುಗಿದಿದೆ."
ಫಿನಾಯಿಲ್ ಅಂತೆ...
ಕೆಲಸ ಹೋದೀತು ಎಂದು ಹೆದರಿದ್ದೆ. ಹೌದು. ಆದರೆ ಕೆಲಸ ಲೀನಾಳಿಗೂ ಬೇಕಿತ್ತಲ್ಲ.

ಸಿಸ್ಟರ್... ನಿಮಗೆ ಆವತ್ತೇ ಗೊತ್ತಾಗಿತ್ತು ಅಲ್ವಾ?
ಅಲ್ಲಿಂದ ನಂತರ ಪ್ರತಿ ಸಲ ನನ್ನ ಸರದಿ ಬಂದಾಗ ನೀವು ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಿದ್ದಿರಿ. ಕೇಳಲಿಲ್ಲ. ನಿಮ್ಮ ಕ್ರಮವನ್ನು ನೀವು ಮುರಿಯಲಿಲ್ಲ.
ನೀವು ರಿಟೈರ್ ಆದಿರಿ. ಲೀನಾ ಗಲ್ಫಿಗೆ ಹೋದಳು. ಮೀಟಿಂಗೂ ನಿಂತಿತು.
ಹೋದ ತಿಂಗಳು ಕಾರ್ಕಳಕ್ಕೆ ಬಂದು ನಿಮ್ಮ ಮಂಚದ ಹತ್ತಿರ ಕೂತು ಹೇಳಿದೆ. ಬೈಯುತ್ತೀರಿ ಎಂದುಕೊಂಡಿದ್ದೆ.
"ನನಗೊಬ್ಬಳಿಗೆ ಹೇಳಿದರೆ ಎಂತಾಯ್ತು ಅಪ್ಪಿಯಕ್ಕ? ಆ ತಪ್ಪನ್ನು ಹೊತ್ತುಕೊಂಡು ಹೋದದ್ದು ಲೀನಾ ಅಲ್ವಾ? ಎಲ್ಲರೂ ಇರುವಲ್ಲಿ ಹೇಳಿ" ಎಂದಿರಿ.
ಎಲ್ಲರೂ ಇರುವುದು ಈಗ ಇಲ್ಲಿ, ಈ ಕಂಪ್ಯೂಟರಿನ ಗುಂಪಿನಲ್ಲಿ...
ನಾಳೆ ಬರೆಯುತ್ತೇನೆ, ನಾಡಿದ್ದು ಬರೆಯುತ್ತೇನೆ ಎಂದು ದಿನ ದೂಡಿದೆ.
ನೀವು ಓದುವ ಮೊದಲೇ ಹೋದಿರಿ...

ಎಲ್ಲರೂ ಕೇಳಿ.
ಆ ಹೆಂಗಸನ್ನು ಕಳಿಸಿದ್ದು ಲೀನಾ ಅಲ್ಲ. ನಾನು.
ಆ ಹೆಂಗಸು ಈಗ ಎಲ್ಲಿದ್ದಾಳೋ... ಹೆಸರು ಕೂಡ ಕೇಳಿರಲಿಲ್ಲ ನಾನು.
ಡಾಕ್ಟ್ರೇ, ನೀವೂ ಈ ಗುಂಪಿನಲ್ಲಿ ಇದ್ದೀರಿ. ಲೀನಾಳಿಗೆ ನೀವೂ ಒಂದು ಮಾತು ಬರೆಯಿರಿ.

ಗಿರಿಜಾ ಸಿಸ್ಟರ್, ನಿಮ್ಮ ಜೀವಕ್ಕೆ ಇನ್ನು ಐಸಿಯುವಿನ ಯಾವ ಮಿಷನ್ನಿನ ಅಲಾರಾಮೂ ಕೇಳದಿರಲಿ... ಹೋದಲ್ಲಿ ತಣ್ಣಗಿರಿ.

ಲೀನಾ... ಕ್ಷಮೆ ಕೇಳಲಿಕ್ಕೆ ನನಗೆ ಮುಖ ಇಲ್ಲ. ಬೈಯುವುದಿದ್ದರೆ ಇಲ್ಲೇ ಬೈ, ಎಲ್ಲರ ಎದುರು. ಓದಿಯೂ ಸುಮ್ಮನೆ ಕೂರಬೇಡ.
ಮುಂದಿನ ತಿಂಗಳು ಆಟಿ, ತೀರಿಹೋದವರಿಗೆ ಬಡಿಸುವ ತಿಂಗಳು. ಅದು ಹುಟ್ಟುವ ಮೊದಲು ಉತ್ತರ ಬರೆ.